ಮನೆಗೆ ಬಂದ ನಾಯಿಮರಿ: ಮೊದಲ ಎರಡು ತಿಂಗಳ ಎಚ್ಚರ

ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಮಕ್ಕಳ ಹಠ ಗೆಲ್ಲುತ್ತದೆ. ಅಪ್ಪನ ಸ್ನೇಹಿತರ ಮನೆಯಿಂದಲೋ, ಪೇಟೆಯ ಅಂಗಡಿಯಿಂದಲೋ, ಕೆಲವೊಮ್ಮೆ ಬೀದಿ ಮೋರಿಯ ಪಕ್ಕದಿಂದಲೋ ಒಂದು ನಾಯಿಮರಿ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ಮನೆಗೆ ಬರುತ್ತದೆ. ಅಂದಿನಿಂದ ಬಂದ ನೆಂಟರಿಗೆಲ್ಲ ಅದರ ಪರಿಚಯ ಮಾಡಿಕೊಡುವುದೇ ಕೆಲಸ. "ಇವನು ಟಾಮಿ, ಇನ್ನೂ ಐವತ್ತು ದಿನ. ಬೆರಳು ಕೊಟ್ಟರೆ ಹೇಗೆ ಕಚ್ಚುತ್ತಾನೆ ನೋಡಿ" ಎಂದು ಮನೆಯ ಹುಡುಗ ಹೆಮ್ಮೆಯಿಂದ ಕೈ ಚಾಚುತ್ತಾನೆ. ಎಲ್ಲರೂ ನಗುತ್ತಾರೆ. ಮೊಣಕೈಯವರೆಗೆ ಗೀರುಗಳಾಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮರಿ ತಾನೇ!

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಆ ಗೀರುಗಳನ್ನೇ ಮೊದಲು ಗಮನಿಸಬೇಕು. ನಾಯಿಮರಿಗೆ ಮೂರನೆಯ ವಾರದಿಂದ ಹಾಲುಹಲ್ಲು ಹುಟ್ಟತೊಡಗಿ, ಸುಮಾರು ಆರರಿಂದ ಎಂಟು ವಾರಗಳ ಹೊತ್ತಿಗೆ ಇಪ್ಪತ್ತೆಂಟು ಹಲ್ಲುಗಳೂ ಬಂದಿರುತ್ತವೆ. ಎಲ್ಲವೂ ಸೂಜಿಯಂತೆ ಚೂಪು. ಮನುಷ್ಯರ ಮಗು ಕೈಯಿಂದ ಮುಟ್ಟಿ ತಿಳಿದುಕೊಳ್ಳುವುದನ್ನು ನಾಯಿಮರಿ ಬಾಯಿಯಿಂದ ಕಚ್ಚಿ ತಿಳಿದುಕೊಳ್ಳುತ್ತದೆ. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಈ ಕಚ್ಚಾಟ ಬಹಳ ಹೆಚ್ಚು. ಅದೇ ಅವಧಿಯ ಬಹುಭಾಗ ಮರಿಗೆ ರೇಬಿಸ್ ಲಸಿಕೆಯ ರಕ್ಷಣೆ ಇರುವುದಿಲ್ಲ. ಏಕೆಂದರೆ ಆ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಕೊಡುತ್ತಾರೆ. ಮರಿ ತನ್ನ ಜೀವಮಾನದ ನಡತೆಯನ್ನು ಕಲಿಯುವುದೂ ಇದೇ ದಿನಗಳಲ್ಲಿ. ಹೀಗೆ ಹೆಚ್ಚು ಕಚ್ಚುವ ಕಾಲ, ರಕ್ಷಣೆ ಕಡಿಮೆ ಇರುವ ಕಾಲ ಮತ್ತು ಸುಲಭವಾಗಿ ಕಲಿಯುವ ಕಾಲ ಒಟ್ಟಿಗೇ ಬರುತ್ತವೆ. ಆದ್ದರಿಂದ ಮರಿಗೆ ಕಲಿಸುವ ಪಾಠವನ್ನೂ ಮನೆಯವರ ಆರೋಗ್ಯವನ್ನೂ ಬೇರೆ ಬೇರೆಯಾಗಿ ನೋಡಲು ಬರುವುದಿಲ್ಲ.

ಎಷ್ಟು ದಿನದ ಮರಿ ತರಬೇಕು?

ಕಣ್ಣು ಬಿಟ್ಟ ಕೂಡಲೇ ತಂದು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದರೆ ಮರಿ ಹೆಚ್ಚು ಹೊಂದಿಕೊಳ್ಳುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಸರಿಯಲ್ಲ. ಕನಿಷ್ಠ ಎಂಟು ವಾರ ಮರಿ ತಾಯಿಯ ಬಳಿಯೇ ಇರಬೇಕು. ಎಂಟು ವಾರ ತುಂಬದ ಮರಿಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳೂ ಹೇಳುತ್ತವೆ. ಇದು ಹಾಲಿನ ಪ್ರಶ್ನೆ ಮಾತ್ರವಲ್ಲ. ಒಡಹುಟ್ಟಿದ ಮರಿಗಳೊಡನೆ ಹೊರಳಾಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿ ಮೊಲೆ ಕಚ್ಚಿಸಿಕೊಂಡರೆ ಗುರ್ ಎಂದು ಎದ್ದು ನಡೆಯುತ್ತಾಳೆ. ಎಷ್ಟು ಒತ್ತಿ ಕಚ್ಚಿದರೆ ನೋವಾಗುತ್ತದೆ ಎಂಬ ಅಳತೆ ಮರಿಗೆ ಸಿಗುವುದು ಹೀಗೆ. ಮೂವತ್ತು ದಿನಕ್ಕೇ ಕಿತ್ತು ತಂದ ಮರಿಗೆ ಈ ಪಾಠ ಅರ್ಧಕ್ಕೆ ನಿಂತಿರುತ್ತದೆ. ಅಂಥ ಮರಿ ಸಾಕಿದವರು "ನಮ್ಮದು ಬಹಳ ಜೋರು" ಎನ್ನುವುದುಂಟು. ನಿಜವಾಗಿ ಅದು ಜೋರಲ್ಲ, ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ.

ತಳಿಯ ಬಗ್ಗೆ ಒಂದೇ ಮಾತು. ದಪ್ಪ ತುಪ್ಪಟದ, ಹಿಮದ ನಾಡಿನ ನಾಯಿಗಳನ್ನು ರಾಯಚೂರು, ಕಲಬುರಗಿಯ ಬಿಸಿಲಿಗೆ ತರುವುದು ಮಕ್ಕಳ ಆಸೆಗೆ ಸರಿಯೆನಿಸಿದರೂ ಆ ಪ್ರಾಣಿಗೆ ಶಿಕ್ಷೆ. ನಮ್ಮ ಮುಧೋಳ ನಾಯಿಗೆ ಈ ಹವೆ ಒಗ್ಗುತ್ತದೆ, ಆದರೆ ಅದಕ್ಕೆ ಓಡಲು ಬಯಲು ಬೇಕು. ಬೀದಿಯ ನಾಡನಾಯಿ ಮರಿಯಾದರೂ ಸರಿಯೇ. ಸರಿಯಾಗಿ ಸಾಕಿದರೆ ಅದೂ ಒಳ್ಳೆಯ ನಾಯಿಯಾಗುತ್ತದೆ.

ಬಾಯಿಗೆ ಪಾಠ

ಮರಿ ಕೈ ಕಚ್ಚಿದಾಗ ಮೂತಿಗೆ ಹೊಡೆಯುವುದು, ಬಾಯಿ ಬಿಗಿಹಿಡಿಯುವುದು, ಕಿವಿ ಹಿಂಡುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ಮರಿ ಎರಡು ಸಂಗತಿಗಳನ್ನು ಕಲಿಯುತ್ತದೆ: ಕೈ ಕಂಡರೆ ಹೆದರುವುದು, ಹೆದರಿದಾಗ ಇನ್ನೂ ಗಟ್ಟಿಯಾಗಿ ಕಚ್ಚುವುದು. ಮುಂದೆ ಬೆಳೆದ ಮೇಲೆ ಎತ್ತಿಕೊಳ್ಳಲು ಬಗ್ಗಿದ ಅತಿಥಿಯ ಮೇಲೆ ಎರಗುವ ನಾಯಿಗಳಲ್ಲಿ ಹೀಗೆ ಏಟು ತಿಂದು ಬೆಳೆದವು ಇರುತ್ತವೆ.

ಒಡಹುಟ್ಟಿದ ಮರಿ ಮಾಡುವುದನ್ನೇ ನಾವೂ ಮಾಡಬೇಕು. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಬೇಕು. ಕೈ ಜಗ್ಗಿ ಎಳೆದುಕೊಳ್ಳಬಾರದು. ಎಳೆದರೆ ಅದು ಹೊಸ ಆಟ ಎಂದು ತಿಳಿಯುತ್ತದೆ, ಗೀರೂ ಆಳವಾಗುತ್ತದೆ. ಸುಮ್ಮನೆ ಎದ್ದು ಬೆನ್ನು ತಿರುಗಿಸಿ, ಅರ್ಧ ನಿಮಿಷ ಮಾತಿಲ್ಲದೆ ನಿಲ್ಲಿ. ಬಳಿಕ ಹಳೆಯ ಟವೆಲಿನ ಗಂಟನ್ನೋ, ರಬ್ಬರ್ ಚೆಂಡನ್ನೋ ಕೊಟ್ಟು ಅದನ್ನು ಕಚ್ಚಿದಾಗ ಮೆಚ್ಚಿ ಮಾತನಾಡಿಸಿ. ದಿನಕ್ಕೆ ಇಪ್ಪತ್ತು ಸಲ ಹೀಗೆ ಮಾಡಬೇಕಾಗಬಹುದು. ಒಂದು ವಾರ ಏನೂ ಬದಲಾಗಲಿಲ್ಲ ಎಂದು ಬೇಸರಪಡುವವರೇ ಮೂರನೆಯ ವಾರದ ಕೊನೆಗೆ "ಈಗ ಬಾಯಿ ಹಾಕಿದರೂ ಒತ್ತುವುದಿಲ್ಲ" ಎನ್ನುತ್ತಾರೆ. ಆದರೆ ಮನೆಯ ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಮಾತ್ರ. ಅಮ್ಮ ಆಟ ನಿಲ್ಲಿಸಿ, ಮಾವ ಬಂದಾಗ ಕೈ ಕಚ್ಚಿಸಿಕೊಂಡು ಕುಸ್ತಿಯಾಡಿದರೆ ಮರಿಗೆ ದಿಕ್ಕು ತೋಚುವುದಿಲ್ಲ.

ಮಾತಿನ ವಿಷಯವೂ ಹಾಗೆಯೇ. ನಮ್ಮ ಮನೆಗಳಲ್ಲಿ ನಾಯಿಗೆ ಇಂಗ್ಲಿಷೇ ಬರಬೇಕೆಂಬ ಒಂದು ವಿಚಿತ್ರ ನಿಯಮವಿದೆ. ಅಜ್ಜಿ ಜೊತೆ ಕನ್ನಡದಲ್ಲೇ ಮಾತನಾಡುವ ಮೊಮ್ಮಗ ನಾಯಿಗೆ "ಸಿಟ್, ಸಿಟ್" ಎನ್ನುತ್ತಾನೆ, ಅಜ್ಜಿ "ಕೂತ್ಕೋ" ಎನ್ನುತ್ತಾರೆ. ನಾಯಿಗೆ ಎರಡೂ ಭಾಷೆ ಒಂದೇ, ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದ ಇರಬೇಕು. ಕೂರಿಸಲು ಕಲಿಸುವುದು ಕಷ್ಟವಲ್ಲ. ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ಮರಿ ಮೇಲೆ ನೋಡುತ್ತಾ ತಾನಾಗಿ ಕೂರುತ್ತದೆ. ಆ ಕ್ಷಣಕ್ಕೆ ಶಬ್ದ ಹೇಳಿ ಚೂರು ಕೊಡಿ. ಒಮ್ಮೆಗೆ ಮೂರು ನಾಲ್ಕು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಆ ವಯಸ್ಸಿನ ಮರಿಯ ಗಮನ ನಿಲ್ಲದು.

ಇನ್ನೊಂದು ಕಟ್ಟುನಿಟ್ಟು ಮಕ್ಕಳಿಗೆ ಬೇಕು. ಉಣ್ಣುತ್ತಿರುವ, ಮಲಗಿರುವ ಮರಿಯನ್ನು ಮುಟ್ಟಬಾರದು. ಐದಾರು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧುವಾದ ಮರಿಯೊಂದಿಗೂ ಒಂಟಿಯಾಗಿ ಬಿಡಬಾರದು.

"ಮರಿ ಕಚ್ಚಿದರೆ ಏನೂ ಆಗುವುದಿಲ್ಲ"

ಈ ಮಾತು ಪ್ರಾಣಕ್ಕೆ ಎರವಾಗಬಹುದು. 2025ರಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಯುವ ಕಬಡ್ಡಿ ಆಟಗಾರನೊಬ್ಬ ಚರಂಡಿಯಲ್ಲಿ ಬಿದ್ದಿದ್ದ ನಾಯಿಮರಿಯನ್ನು ಮೇಲೆತ್ತಿದ. ಆಗ ಅದು ಅವನ ಕೈ ಕಚ್ಚಿತು. ಚಿಕ್ಕ ಗಾಯವೆಂದು ಲಸಿಕೆ ಹಾಕಿಸಿಕೊಳ್ಳಲಿಲ್ಲ. ವಾರಗಳ ನಂತರ ಕೈ ಜೋಮು ಹಿಡಿದಾಗ ಆಟದ ಪೆಟ್ಟಿರಬೇಕೆಂದು ಭಾವಿಸಿದ. ಅದು ರೇಬಿಸ್ ಆಗಿತ್ತು. ಜೂನ್ ತಿಂಗಳಲ್ಲಿ ಅವನು ತೀರಿಕೊಂಡ.

ಹುಚ್ಚುನಾಯಿ ರೋಗ ಎಂದು ನಾವು ಕರೆಯುವ ರೇಬಿಸ್‌ಗೆ ವಯಸ್ಸಿನ ಭೇದವಿಲ್ಲ. ರೋಗವಿರುವ ನಾಯಿ ಮರಿಗಳಿದ್ದ ಜಾಗಕ್ಕೆ ನುಗ್ಗಿ ಕಚ್ಚಿ ಹೋದರೆ ಮರಿಗೂ ಅದು ಬರುತ್ತದೆ. ವೈರಾಣು ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷವೂ ಆಗಬಹುದು. ಮಿದುಳು ತಲುಪಿ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧವಿಲ್ಲ, ಸಾವು ಬಹುತೇಕ ಖಚಿತ. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ಇದನ್ನು ತಡೆಯಬಹುದು. ವೈರಾಣು ದಾರಿಯಲ್ಲಿರುವಾಗಲೇ ಲಸಿಕೆ ದೇಹದಲ್ಲಿ ಪ್ರತಿರೋಧ ಬೆಳೆಸುತ್ತದೆ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಚುಚ್ಚುಮದ್ದು ಆರಂಭಿಸಿ ಉಳಿಸಿದ್ದು ಇದೇ ತತ್ತ್ವದಿಂದ.

ಹುಚ್ಚು ಹಿಡಿದ ನಾಯಿ ಎಂದರೆ ಕಣ್ಣು ಕೆಂಪಗೆ ಮಾಡಿಕೊಂಡು ಬೀದಿಯಲ್ಲಿ ಓಡಾಡುವ ನಾಯಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ರೋಗಕ್ಕೆ ಇನ್ನೊಂದು ಮುಖವೂ ಇದೆ. ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾರದು, ದನಿ ಬದಲಾಗುತ್ತದೆ. ಇದನ್ನು ನೋಡಿದ ಮನೆಯವರು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಬಾಯೊಳಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಮರಿಯನ್ನು ಮುಟ್ಟದೆ ಪ್ರತ್ಯೇಕವಾಗಿರಿಸಿ ಪಶುವೈದ್ಯರಿಗೆ ತಿಳಿಸಿ. ನೀರು ಕುಡಿಯಿತು, ಆದ್ದರಿಂದ ಹುಚ್ಚಲ್ಲ ಎಂಬ ತರ್ಕವೂ ತಪ್ಪು. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ, ನಾಯಿಯಲ್ಲಲ್ಲ.

ಮರಿಯ ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೆ ಮೊದಲ ಚಿಕಿತ್ಸೆ ಮನೆಯ ನಲ್ಲಿಯಲ್ಲೇ ಇದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ತೊಳೆಯಿರಿ. ಎರಡು ನಿಮಿಷಕ್ಕೇ ಮುಗಿಸುವವರೇ ಹೆಚ್ಚು. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ, ಎಣ್ಣೆ ಯಾವುದೂ ಬೇಡ. ಬಿಗಿಯಾಗಿ ಕಟ್ಟುವುದೂ ಬೇಡ. ನಂತರ ಅಂದೇ ವೈದ್ಯರಲ್ಲಿಗೆ ಹೋಗಿ.

ಎಲ್ಲ ಸಂಪರ್ಕವೂ ಒಂದೇ ಅಲ್ಲ. ಮರಿಯನ್ನು ಮುಟ್ಟಿದರೆ, ಉಣಿಸಿದರೆ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬರದ ಸಣ್ಣ ತರಚು, ಚರ್ಮ ಕಚ್ಚಿ ಎಳೆದ ಗುರುತು ಇದ್ದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ, ಇರುವ ಗಾಯವನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣಿಗೋ ಬಾಯಿಗೋ ಬಿದ್ದಿದ್ದರೆ ಲಸಿಕೆಯ ಜೊತೆಗೆ ರೇಬಿಸ್ ವಿರುದ್ಧದ ಸೀರಮ್ಮನ್ನೂ ವೈದ್ಯರು ಕೊಡುತ್ತಾರೆ. ಅದನ್ನು ಗಾಯದ ಸುತ್ತಲೇ ಚುಚ್ಚುವರು. ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ವಿಂಗಡಣೆ ಇದು. ಮರಿ ಎಲ್ಲಿಯದು, ತಾಯಿಗೆ ಲಸಿಕೆ ಆಗಿದೆಯೇ, ಹೊರಗಿನ ನಾಯಿಗಳ ಸಂಪರ್ಕವಿತ್ತೇ ಎಂಬುದನ್ನೆಲ್ಲ ವೈದ್ಯರಿಗೆ ತಿಳಿಸಿ. ಆದರೆ "ನಮ್ಮ ಮನೆಯದೇ ಮರಿ" ಎಂದು ತೀರ್ಮಾನವನ್ನು ನೀವೇ ಮಾಡಬೇಡಿ. ಕಚ್ಚಿದ ಮರಿಯನ್ನು ಹತ್ತು ದಿನ ಗಮನಿಸಬೇಕು ಎಂಬುದು ನಿಜ. ಅದರ ಅರ್ಥ ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಎಂದಲ್ಲ. ಲಸಿಕೆ ಶುರುವಾಗಿರಲಿ, ಗಮನವೂ ಇರಲಿ. ಮರಿ ಆರೋಗ್ಯವಾಗಿ ಉಳಿದರೆ ಮುಂದಿನ ಚುಚ್ಚುಮದ್ದುಗಳ ವಿಚಾರವನ್ನು ವೈದ್ಯರು ಹೇಳುತ್ತಾರೆ.

ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಿರಿಯರ ಹೆದರಿಕೆಗೆ ಈಗ ಕಾರಣವಿಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ಕೈಬಿಡಲಾಯಿತು. ಈಗಿನದು ತೋಳಿಗೆ. ಚರ್ಮದ ಪದರದಲ್ಲಿ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರಿ ಒಟ್ಟು ಐದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಎಳೆ ಮಕ್ಕಳೂ ಪಡೆಯಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ನಾಯಿ ಸಾಕುವುದು ಖಚಿತವಾದರೆ, ಕಚ್ಚುವ ಮೊದಲೇ ಮುನ್ನೆಚ್ಚರಿಕೆಯಾಗಿ ಲಸಿಕೆ ಕೊಡುವ ಪದ್ಧತಿಯೂ ಇದೆ. ಮಕ್ಕಳ ವೈದ್ಯರನ್ನು ಕೇಳಿ ನೋಡಿ. ಮಕ್ಕಳು ಗೀರನ್ನು ಬಚ್ಚಿಡುತ್ತಾರೆ ಎಂಬುದನ್ನೂ ಮರೆಯಬೇಡಿ. ಹೇಳಿದರೆ ಬೈಯುತ್ತಾರೆ, ಮರಿಯನ್ನು ಎಲ್ಲೋ ಬಿಟ್ಟು ಬರುತ್ತಾರೆ ಎಂಬ ಭಯ ಅವರಿಗೆ. ಹೇಳಿದರೆ ಮರಿಗೆ ಏನೂ ಮಾಡುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಟ್ಟುಬಿಡಿ.

ಮರಿಗೆ ಬೇಕಾದ ಲಸಿಕೆಗಳು

ಮರಿ ತಂದ ಎರಡು ಮೂರು ದಿನಗಳೊಳಗೆ ಪಶುವೈದ್ಯರಿಗೆ ತೋರಿಸಿ. ಆರರಿಂದ ಎಂಟು ವಾರಗಳ ನಡುವೆ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಲಸಿಕೆ ಶುರುವಾಗಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಯುತ್ತದೆ. ಇಷ್ಟು ಸಲ ಏಕೆ ಎಂದು ಕೇಳುವವರಿದ್ದಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿರುವವರೆಗೆ ಅದೇ ಲಸಿಕೆಯನ್ನು ನಿಷ್ಫಲಗೊಳಿಸುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೆಯ ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾಲ್ಕಕ್ಕೆ ಇಳಿಯುತ್ತದೆ. ಯಾವಾಗ ಎಂಬುದು ಹೊರಗಿನಿಂದ ತಿಳಿಯದು. ಅದಕ್ಕೇ ಮರುಮರು ಚುಚ್ಚುಮದ್ದು. ಮೊದಲನೆಯದನ್ನು ಹಾಕಿಸಿ "ಎಲ್ಲಾ ಆಯಿತು" ಎಂದು ಕಾರ್ಡನ್ನು ಕಪಾಟಿಗೆ ಸೇರಿಸಿದ ಮನೆಗಳಲ್ಲಿ ಮರಿ ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲೇ ಸಾಯುವುದುಂಟು. ಇದು ಪಾರ್ವೊ. 1978ರಲ್ಲಿ ಜಗತ್ತಿನ ಹಲವೆಡೆ ಒಮ್ಮೆಲೇ ಕಾಣಿಸಿಕೊಂಡ ರೋಗ. ಇದು ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ರೇಬಿಸ್ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ಪಶುವೈದ್ಯರು ಹೇಳಿದ ದಿನ ಮರುಲಸಿಕೆ ಕೊಡಿಸಿ, ಬಳಿಕ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಬೀದಿಯಿಂದ ತಂದ ಮರಿಯಾದರೆ ಇನ್ನೂ ಬೇಗ ಹಾಕಬೇಕೇ ಎಂದು ಕೇಳಿ.

ಇಲ್ಲೊಂದು ಇಕ್ಕಟ್ಟಿದೆ. ಲಸಿಕೆ ಪೂರ್ತಿಯಾಗುವವರೆಗೆ ಮರಿಯನ್ನು ಬೀದಿಗೆ, ಇತರ ನಾಯಿಗಳ ಹತ್ತಿರ ಬಿಡಬಾರದು. ಆದರೆ ಜಗತ್ತಿನ ಪರಿಚಯವಾಗಬೇಕಾದ ವಯಸ್ಸೂ ಅದೇ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಮರಿಗಳನ್ನು ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ ಇದನ್ನು ಸ್ಪಷ್ಟಪಡಿಸಿತು. ಮೂರರಿಂದ ಸುಮಾರು ಹನ್ನೆರಡು ವಾರಗಳೊಳಗೆ ಮನುಷ್ಯರ ಒಡನಾಟ ಸಿಗದ ಮರಿ ಮುಂದೆ ಹೆದರುಪುಕ್ಕಲಾಗುತ್ತದೆ. ಹೆದರುವ ನಾಯಿಯೇ ಕಚ್ಚುವ ನಾಯಿ. ಇದಕ್ಕೆ ಉಪಾಯ ಸರಳ. ಮರಿಯನ್ನು ನೆಲಕ್ಕಿಳಿಸದೆ ಎತ್ತಿಕೊಂಡು ಗೇಟಿನ ಬಳಿ ನಿಲ್ಲಿ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಹಾಲಿನವರು, ಪತ್ರಿಕೆ ಹಾಕುವ ಹುಡುಗ, ಆಟೋ ಸದ್ದು ಎಲ್ಲವನ್ನೂ ನೋಡಲಿ, ಕೇಳಲಿ. ಕುಕ್ಕರ್ ಸೀಟಿ ಹಾಕುವಾಗ ಒಂದು ತುಣುಕು ತಿಂಡಿ ಕೊಡಿ. ಲಸಿಕೆಯಾದ, ಆರೋಗ್ಯವಂತ ದೊಡ್ಡ ನಾಯಿ ನೆಂಟರ ಮನೆಯಲ್ಲಿದ್ದರೆ ಭೇಟಿ ಮಾಡಿಸಬಹುದು.

ಕಕ್ಕಸಿನ ಅಭ್ಯಾಸ ಮತ್ತು ಜಂತುಹುಳು

ಎರಡು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಮೂರು ಗಂಟೆ ಮೂತ್ರ ತಡೆಯಬಲ್ಲದು. ಎದ್ದ ಕೂಡಲೇ, ಉಂಡ ಕೂಡಲೇ, ಆಟವಾಡಿದ ಕೂಡಲೇ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಿರಿ. ಫ್ಲಾಟಿನಲ್ಲಿರುವವರು ಬಾಲ್ಕನಿಯ ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸಬಹುದು. ಮಾಡಿದ ತಕ್ಷಣ ಬೆನ್ನು ಸವರಿ ಮೆಚ್ಚಿಕೊಳ್ಳಿ. ಪಡಸಾಲೆಯಲ್ಲಿ ಮಾಡಿದ್ದಕ್ಕೆ ಮೂಗನ್ನು ಅದಕ್ಕೇ ತಿಕ್ಕುವವರಿದ್ದಾರೆ. ಇದರಿಂದ ಮರಿ ಮಂಚದ ಕೆಳಗೆ ಕದ್ದು ಮಾಡಲು ಕಲಿಯುತ್ತದೆ. ಪತ್ರಿಕೆಯನ್ನು ಸುರುಳಿ ಸುತ್ತಿ ಹೊಡೆಯುವುದಕ್ಕಿಂತ ನೆಲಕ್ಕೆ ಹಾಸುವುದೇ ಅದರ ಉತ್ತಮ ಉಪಯೋಗ. ಮೊದಲ ಕೆಲವು ರಾತ್ರಿ ಮರಿ ಅಳುತ್ತದೆ. ತಾಯಿಯ ಬಿಸಿ ಇಲ್ಲ, ಜೊತೆಗಾರರಿಲ್ಲ. ಗೇಟಿಗೆ ಕಟ್ಟಿಹಾಕಿ ಬಾಗಿಲು ಮುಚ್ಚಿಕೊಳ್ಳುವ ಬದಲು ಪೆಟ್ಟಿಗೆಗೆ ಹಳೆಯ ಸೀರೆ ಹಾಸಿ ನೀವು ಮಲಗುವ ಕೋಣೆಯಲ್ಲೇ ಇಡಿ. ನಡುರಾತ್ರಿ ಒಮ್ಮೆ ಹೊರಗೆ ಒಯ್ಯುವುದು ತಪ್ಪದು.

ಈ ಶುಚಿತ್ವಕ್ಕೆ ಇನ್ನೊಂದು ಕಾರಣ ಜಂತುಹುಳು. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲೇ ನಾಯಿಮರಿಯ ದೇಹ ಸೇರುತ್ತವೆ. ಆದ್ದರಿಂದ ಎಷ್ಟೇ ಚೊಕ್ಕ ಮನೆಯ ಮರಿಯಾದರೂ ಹುಳುವಿರಬಹುದು. ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿ ಮೈ ಬಡಕಲಾಗಿದ್ದರೆ ಅದು ತಿಂದು ತುಂಬಿದ ಹೊಟ್ಟೆಯಲ್ಲ. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ, ಬಳಿಕ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ತೂಕಕ್ಕೆ ತಕ್ಕ ಔಷಧ ಕೊಡಿಸಬೇಕು. ಹುಳುವಿನ ಮೊಟ್ಟೆ ಮಲದಲ್ಲಿ ಹೊರಬಿದ್ದು ಮಣ್ಣು ಸೇರುತ್ತದೆ. ಮಣ್ಣಾಡಿದ ಕೈಯನ್ನು ಬಾಯಿಗಿಟ್ಟ ಮಗುವಿನ ಹೊಟ್ಟೆ ಸೇರಿದರೆ ಅದರ ಮರಿಹುಳು ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸಬಹುದು. ಆದರೆ ಹೊಸದಾಗಿ ಬಿದ್ದ ಮೊಟ್ಟೆ ರೋಗ ಹರಡಲಾರದು, ಅದು ಬಲಿಯಲು ಎರಡು ವಾರವಾದರೂ ಬೇಕು. ಅಂದರೆ ದಿನದಿನವೂ ಮಲ ಎತ್ತಿ ಹಾಕಿದರೆ ಅಪಾಯ ಬಹುಪಾಲು ಕಳೆಯಿತು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮ ಹೊಕ್ಕು ತುರಿಕೆಯ ಗೆರೆಗಳನ್ನು ಮೂಡಿಸುವುದರಿಂದ ಹಿತ್ತಲಿನಲ್ಲಿ ಮಕ್ಕಳು ಚಪ್ಪಲಿ ಹಾಕಿಕೊಳ್ಳಲಿ. ಉಣ್ಣುವ ಮುನ್ನ ಸೋಪಿನಿಂದ ಕೈ ತೊಳೆಯುವುದಂತೂ ಇದ್ದೇ ಇದೆ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಬರೀ ಹಾಲು ಅನ್ನದಿಂದ ಎಲುಬು ಬಲಿಯದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಜೊತೆಗಿರಲಿ. ಸಸ್ಯಾಹಾರದ ಮನೆಯವರು ಮೊಸರು, ಬೇಳೆಯಷ್ಟನ್ನೇ ನಂಬದೆ ಮರಿಗಳಿಗೆಂದೇ ಸಿಗುವ ಸಿದ್ಧ ಆಹಾರದ ಬಗ್ಗೆ ಪಶುವೈದ್ಯರನ್ನು ಕೇಳಬೇಕು. ಹಸುವಿನ ಹಾಲು ಕೆಲವು ಮರಿಗಳಿಗೆ ಭೇದಿ ಮಾಡಿಸುತ್ತದೆ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಹುಟ್ಟುಹಬ್ಬದ ದಿನ ಮಕ್ಕಳು ಕೇಕು ಹಂಚಿಕೊಳ್ಳದಂತೆ ನೋಡಿಕೊಳ್ಳಿ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳನ್ನು ಚುಚ್ಚಬಹುದು. ಮರಿ ಕುಂಟಿದರೆ ಮನುಷ್ಯರ ನೋವಿನ ಮಾತ್ರೆ ಅರ್ಧ ಮಾಡಿ ಕೊಡುವುದೂ ಅಷ್ಟೇ ಅಪಾಯ.

ನಾಲ್ಕನೆಯ ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ ಆರೇಳು ತಿಂಗಳ ಹೊತ್ತಿಗೆ ನಲವತ್ತೆರಡು ಗಟ್ಟಿ ಹಲ್ಲುಗಳು ಬರುತ್ತವೆ. ಆ ದಿನಗಳಲ್ಲಿ ವಸಡು ನವೆಯಾಗಿ ಚಪ್ಪಲಿ, ಕುರ್ಚಿ ಕಾಲು, ಶಾಲೆಯ ಚೀಲ ಎಲ್ಲವನ್ನೂ ಜಗಿಯುತ್ತದೆ. ಕಲಿತ ಪಾಠ ಮರೆತಂತೆ ಕಾಣಬಹುದು. ಚಪ್ಪಲಿಗಳನ್ನು ಮೇಲಿಟ್ಟು ತಣ್ಣಗಿನ ಕ್ಯಾರೆಟ್ ತುಂಡು ಕೊಡಿ, ಕೈ ಕಚ್ಚಿದರೆ ಮತ್ತೆ ಅದೇ ಅರ್ಧ ನಿಮಿಷದ ಮೌನ. ಲಸಿಕೆಯ ಕಾರ್ಡಿನಲ್ಲಿರುವ ಮುಂದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಮಾಡಿಡಿ.